ಹಾಲ್ ಟಿವಿ

ಬಿಲ್ಲು ಬಂದದ್ದು ಅವಳ ಫೋನಿಗೆ. ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಆಗ ಯಾರದೋ ಮೇಲ್ದವಡೆಯ ಅಚ್ಚಿನ ಮೇಲೆ ಮೇಣ ಹಾಕಿ ಮುಂದಿನ ಹಲ್ಲುಗಳನ್ನು ಕೂರಿಸುತ್ತಿದ್ದಳು. ಊಟದ ಹೊತ್ತಿಗೆ ಕೈ ತೊಳೆದು ಫೋನ್ ತೆಗೆದು ನೋಡಿದರೆ, ಟಿವಿಯಲ್ಲೇ ಸಿನಿಮಾ ಬಾಡಿಗೆಗೆ ಕೊಡುವ ಕಂಪನಿಯವರು ಅವಳ ಕಾರ್ಡಿನಿಂದ ಎಂದಿಗಿಂತ ಹಲವು ಪಟ್ಟು ದುಡ್ಡು ಎಳೆದುಕೊಂಡಿದ್ದರು. ಏನೋ ತಪ್ಪಾಗಿರಬೇಕು ಎಂದುಕೊಂಡಳು. ಅವರ ಮನೆಯಲ್ಲಿ ಸಿನಿಮಾ ಎಂದರೆ ವಾರಕ್ಕೆ ಒಂದು, ಅದೂ ಮಗಳು ಹಟ ಹಿಡಿದರೆ. ಇಲ್ಲಿ ನೋಡಿದರೆ ಪಟ್ಟಿ ಹನುಮಂತನ ಬಾಲದ ಹಾಗೆ ಇಳಿಯುತ್ತಲೇ ಹೋಗುತ್ತಿತ್ತು. ಯುದ್ಧದ ಚಿತ್ರ, ಹೊಡೆದಾಟದ ಚಿತ್ರ, ಅಳಿಸುವ ಚಿತ್ರ. ನಡುನಡುವೆ ಇನ್ನೂ ಕೆಲವು ಹೆಸರುಗಳಿದ್ದವು. ಅವನ್ನು ಓದುತ್ತಿದ್ದಂತೆ ಅವಳು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, ಪಕ್ಕದಲ್ಲಿ ಕೂತವಳು ನೋಡಿಬಿಟ್ಟಳೇನೋ ಎಂದು ಓರೆಗಣ್ಣಿನಿಂದ ನೋಡಿದಳು. ಮನೆಮಂದಿ ಜೊತೆ ಕೂತು ನೋಡುವ ಚಿತ್ರಗಳಲ್ಲ ಅವು.

ಪ್ರತಿಯೊಂದು ಹೆಸರಿನ ಕೆಳಗೂ ಸಣ್ಣಕ್ಷರದಲ್ಲಿ ಒಂದೇ ಮಾತು ಬರೆದಿತ್ತು. ನೋಡಿದ್ದು: ಹಾಲ್ ಟಿವಿ.

ಆ ಎರಡು ಪದವನ್ನು ಅವಳು ಮತ್ತೆ ಓದಿದಳು. ಹಾಲಿನಲ್ಲಿ ಮಲಗುತ್ತಿದ್ದವನು ಅವಳ ಅಣ್ಣ.

ಅಣ್ಣ ಲಿಫ್ಟ್ ಮೆಕ್ಯಾನಿಕ್. ಅಪ್ಪ ತೀರಿಕೊಂಡ ಮೇಲೆ ಮನೆ ನಡೆಸಿದವನು, ಅವಳನ್ನು ಓದಿಸಿದವನು, ಅವಳ ಮದುವೆ ಮುಗಿಸಿ ತನ್ನ ಮದುವೆಯನ್ನು ಮರೆತೇಬಿಟ್ಟವನು. ವರ್ಷದ ಹಿಂದೆ ಲಿಫ್ಟಿನ ಬಾವಿಯಲ್ಲಿ ಏಣಿಯಿಂದ ಜಾರಿ ಭುಜ ಮುರಿದುಕೊಂಡಿದ್ದ. ಕೂಡಿತೇನೋ ಕೂಡಿತು, ಕೈ ಮಾತ್ರ ಕಿವಿಯಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಕೈಯೆತ್ತಲಾಗದ ಮೆಕ್ಯಾನಿಕ್ ಯಾರಿಗೆ ಬೇಕು? ಕಂಪನಿಯವರು ಒಂದಷ್ಟು ಕೊಟ್ಟು ಕೈ ತೊಳೆದುಕೊಂಡರು. ಬೇರೆ ಕೆಲಸ ಸಿಗುವವರೆಗೆ ಇರು ಎಂದು ತಂಗಿಯೇ ಕರೆತಂದಿದ್ದಳು.

ಬಂದವನು ಆ ಮನೆಯಲ್ಲಿ ಇದ್ದೂ ಇಲ್ಲದ ಹಾಗೆ ಇದ್ದ. ಎಲ್ಲರಿಗಿಂತ ಮುಂಚೆ ಎದ್ದು ಹಾಸಿಗೆ ಸುತ್ತಿ ಸೋಫಾದ ಹಿಂದೆ ಸೇರಿಸಿಬಿಡುತ್ತಿದ್ದ; ಅಲ್ಲಿ ಒಬ್ಬ ಮನುಷ್ಯ ಮಲಗಿದ್ದ ಎನ್ನುವುದಕ್ಕೆ ಗುರುತೇ ಉಳಿಯುತ್ತಿರಲಿಲ್ಲ. ಸೋರುವ ನಲ್ಲಿ, ಕಿರುಗುಟ್ಟುವ ಬಾಗಿಲು, ಅಲುಗಾಡುವ ಕುರ್ಚಿ ಒಂದೂ ಆ ಮನೆಯಲ್ಲಿ ಉಳಿದಿರಲಿಲ್ಲ. ಟಿವಿ ಹಾಕಿದರೂ ಸದ್ದು ಎಷ್ಟು ಸಣ್ಣಗೆ ಇಡುತ್ತಿದ್ದನೆಂದರೆ, 'ಮಾವ ತುಟಿ ನೋಡೇ ಸುದ್ದಿ ತಿಳ್ಕೊಳ್ತಾನೆ' ಎಂದು ಹೈಸ್ಕೂಲಿಗೆ ಹೋಗುವ ಮಗಳು ನಗುತ್ತಿದ್ದಳು.

ಸಂಜೆ ಬಿಲ್ಲನ್ನು ಗಂಡನಿಗೆ ತೋರಿಸಿದಳು. ಗಂಡ ಕಾರು ಕಲಿಸುವ ಮೇಷ್ಟ್ರು. ಕಲಿಸುವ ಕಾರಿನಲ್ಲಿ ಅವನ ಕಾಲ ಬಳಿಯೂ ಒಂದು ಬ್ರೇಕ್ ಇತ್ತು. ಅದರ ಮೇಲೆ ಕಾಲಿಟ್ಟೇ ಬದುಕು ಸಾಗಿಸಿದ್ದರಿಂದ ಬೀದಿಯವರೆಲ್ಲ ಅವನನ್ನು ಬ್ರೇಕ್ ಮೇಷ್ಟ್ರು ಎನ್ನುತ್ತಿದ್ದರು. ಕೆಟ್ಟವನಲ್ಲ. ಅಣ್ಣ ಬಂದಿರಲಿ ಎಂದು ಅವಳು ಕೇಳಿದಾಗ ತುಟಿ ಪಿಟಕ್ಕೆನ್ನದೆ ಒಪ್ಪಿದ್ದ. ಈಗ ಪಟ್ಟಿಯನ್ನು ಬೆರಳಿನಲ್ಲಿ ಮೇಲೆ ಕೆಳಗೆ ಸರಿಸಿ ನೋಡಿ, ಅಡುಗೆಮನೆಯ ಬಾಗಿಲನ್ನು ಸ್ವಲ್ಪ ಮುಂದಕ್ಕೆ ಎಳೆದ.

“ಹಗಲೆಲ್ಲ ಹಾಲಲ್ಲಿ ಯಾರಿರ್ತಾರೆ?” ಎಂದ.

“ಅಣ್ಣ ಅಂಥವನಲ್ಲ.”

“ನಾನು ಹಾಗಂದ್ನಾ? ಯಾರಿರ್ತಾರೆ ಅಂತ ಕೇಳಿದೆ, ಅಷ್ಟೇ.”

ಮಗಳೂ ಅದೇ ಟಿವಿಯ ಮುಂದೆ ಕೂರುತ್ತಾಳೆ ಎನ್ನುವುದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಮರುದಿನ ಲ್ಯಾಬಿನ ಮಹಡಿ ಮೆಟ್ಟಿಲ ಮೇಲೆ ಕೂತು ಕಂಪನಿಗೆ ಫೋನ್ ಮಾಡಿದಳು. ಒಂದನ್ನು ಒತ್ತಿ ಎಂದರು, ಒತ್ತಿದಳು. ನಾಲ್ಕನ್ನು ಒತ್ತಿ ಎಂದರು, ಅದನ್ನೂ ಒತ್ತಿದಳು. ಆಮೇಲೆ ಒಂದು ಪೀಪಿಯ ಸಂಗೀತ ಊದತೊಡಗಿತು. ಊಟದ ಹೊತ್ತು ಮುಗಿಯುವ ಹಂತಕ್ಕೆ ಬಂದಾಗ ಒಬ್ಬ ಹುಡುಗ ಸಿಕ್ಕಿದ. ಅವನ ಮಾತಿಗೆ ಬೆಣ್ಣೆ ಹಚ್ಚಿದಂತಿತ್ತು. ನಿಮಗಾದ ಅನನುಕೂಲ ನನಗೆ ಅರ್ಥವಾಗುತ್ತದೆ ಎಂದ. ಅವಳು ಇನ್ನೂ ಏನಾಯಿತೆಂದು ಹೇಳಿಯೇ ಇರಲಿಲ್ಲ. ಹೇಳಿದ ಮೇಲೆ ಕೀಲಿಮಣೆ ಟಕಟಕಿಸಿ, ತಮ್ಮ ದಾಖಲೆಯ ಪ್ರಕಾರ ಎಲ್ಲ ಚಿತ್ರಗಳನ್ನೂ ಅವಳ ಮನೆಯ ಹಾಲ್ ಟಿವಿಯಲ್ಲೇ ನೋಡಿದ್ದಾರೆ, ಬಹುಪಾಲು ಮಧ್ಯಾಹ್ನದ ಹೊತ್ತು, ಎಂದ.

“ಮನೇಲಿ ಬೇರೆ ಯಾರಾದ್ರೂ ಇದಾರಾ ಮೇಡಂ? ದೊಡ್ಡವರು, ಮಕ್ಕಳು, ನೆಂಟರು?”

ಉತ್ತರಕ್ಕೆ ಕಾಯದೆ ಅವನೇ ಮುಂದುವರಿಸಿದ. ದೂರು ತೆಗೆದುಕೊಳ್ಳಬೇಕಾದರೆ ಒಂದು ಕ್ರಮವಿದೆ. ಮೊದಲು ಮನೆಯ ಟಿವಿಗೆ ಗುಟ್ಟಿನ ನಂಬರಿನ ಲಾಕ್ ಹಾಕಬೇಕು. ಮುಂದಿನ ಬಿಲ್ಲಿನವರೆಗೆ ಕಾಯಬೇಕು. ಬಾಡಿಗೆ ನಿಂತುಹೋದರೆ ಮನೆಯವರೇ ಯಾರೋ ನೋಡುತ್ತಿದ್ದರು ಎಂದಾಯಿತು. ನಿಲ್ಲದಿದ್ದರೆ ಆಗ ಪರಿಶೀಲನೆಗೆ ತೆಗೆದುಕೊಳ್ಳುತ್ತಾರೆ. ಅಲ್ಲಿಯವರೆಗೆ ಅವನ ಕೈಯಲ್ಲಿ ಏನೂ ಇಲ್ಲ. ನನ್ನ ಕೈಯಲ್ಲಿ ಏನಿದೆ ಎಂದು ಕೇಳಬೇಕೆನ್ನಿಸಿತು ಅವಳಿಗೆ. ಥ್ಯಾಂಕ್ಸ್ ಹೇಳಿ ಇಟ್ಟಳು.

ಲಾಕ್ ಹಾಕುವುದಿದ್ದರೆ ಅಣ್ಣನಿಗೆ ಹೇಳಿಯೇ ಹಾಕೋಣ ಎಂದಳು. ಗಂಡ ಬೇಡವೆಂದು ತಲೆಯಾಡಿಸಿದ. ಮೊದಲೇ ಹೇಳಿಬಿಟ್ಟರೆ ಅದು ಪರೀಕ್ಷೆ ಹೇಗಾಗುತ್ತದೆ? ತಿಂಗಳು ಕಳೆಯಲಿ, ಭಾವನ ಮೇಲಿನ ಅನುಮಾನವೂ ತೊಳೆದುಹೋಗುತ್ತದೆ, ಒಳ್ಳೆಯದೇ ಅಲ್ಲವೇ ಎಂದ. ಅವನ ಮಾತಿನಲ್ಲಿ ತಪ್ಪು ಹುಡುಕಲು ಹೋದಳು, ಸಿಗಲಿಲ್ಲ. ಅಣ್ಣ ತರಕಾರಿಗೆ ಹೋಗಿದ್ದಾಗ ಲಾಕ್ ಹಾಕಿದಳು.

ಕೇಳಬೇಕೆಂಬ ಆಸೆ ಮಾತ್ರ ಸಾಯಲಿಲ್ಲ. ಒಂದು ಸಂಜೆ ಅವನ ಪಕ್ಕ ಕೂತು ಬಟ್ಟೆ ಮಡಚುತ್ತ, ಹಗಲು ಹೊತ್ತು ಬೇಜಾರಾಗುತ್ತಾ ಅಣ್ಣ, ಟಿವಿಗಿವಿ ನೋಡ್ತೀಯಾ ಎಂದು ಸುತ್ತಿಬಳಸಿ ಕೇಳಿದಳು. ನೋಡ್ತೀನಲ್ಲ, ಸುದ್ದಿ, ಎಂದ. ಆಮೇಲೆ, ಕರೆಂಟು ಬಿಲ್ಲು ಜಾಸ್ತಿ ಬರ್ತಿದೆಯಾ ಎಂದು ಕೇಳಿದ. ಇಲ್ಲ ಇಲ್ಲ ಎಂದು ಎದ್ದುಹೋದಳು. ಆದರೆ ಆ 'ನೋಡ್ತೀನಲ್ಲ' ಎಂಬ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಒಳಗೇ ಕೂತಿತು. ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಅಣ್ಣ ಅಂಥವನಲ್ಲ. ನಲವತ್ತು ದಾಟಿದ ಒಂಟಿ ಗಂಡಸು. ಅಂಥವನಲ್ಲ. ಹಗಲೆಲ್ಲ ಒಬ್ಬನೇ ಇರುತ್ತಾನೆ. ಛೆ, ಎಂಥ ಯೋಚನೆ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಬೈದುಕೊಂಡು ಮತ್ತೆ ಅದನ್ನೇ ಯೋಚಿಸುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮಗಳು ಮಾವನ ತೋಳು ಹಿಡಿದು ಸಿನಿಮಾ ಹಾಕು ಎಂದು ಪೀಡಿಸಿದಳು. ಗಂಡ ಪೇಪರು ಹಿಡಿದು ಕೂತಿದ್ದ. ಅವಳು ಪಾತ್ರೆ ತಿಕ್ಕುತ್ತಿದ್ದಳು. ಅಣ್ಣ ರಿಮೋಟ್ ಒತ್ತಿದ. ಪರದೆಯ ಮೇಲೆ ನಾಲ್ಕು ಖಾಲಿ ಚೌಕ ಮೂಡಿದವು.

“ಅಮ್ಮಾ, ಇದೇನೋ ನಂಬರ್ ಕೇಳ್ತಿದೆ,” ಎಂದು ಮಗಳು ಕೂಗಿದಳು.

ಗಂಡನ ಪೇಪರು ಮುಖದ ಮಟ್ಟಕ್ಕೆ ಏರಿತು. ಅವಳು ಒದ್ದೆ ಕೈಯಲ್ಲೇ ಓಡಿಬಂದು ರಿಮೋಟ್ ತೆಗೆದುಕೊಂಡಳು. ಆಗ ಅವಳ ಮೈ ಏನು ಮಾಡಿತೆಂದು ಅವಳಿಗೇ ಆಮೇಲೆ ತಿಳಿದದ್ದು. ಅಣ್ಣನಿಗೂ ಟಿವಿಗೂ ನಡುವೆ ಹೋಗಿ ಅಡ್ಡ ನಿಂತುಕೊಂಡಿದ್ದಳು. ಬೆನ್ನು ಅವನ ಕಡೆಗಿತ್ತು. ರಿಮೋಟನ್ನು ಎದೆಗೆ ಒತ್ತಿ, ಬೆರಳು ಕಾಣದ ಹಾಗೆ ಇನ್ನೊಂದು ಕೈ ಮರೆಮಾಡಿ ನಂಬರು ಒತ್ತಿದ್ದಳು.

ತಿರುಗಿದಾಗ ಅಣ್ಣ ಕಿಟಕಿಯ ಕಡೆ ನೋಡುತ್ತಿದ್ದ. ಕಿಟಕಿಯಾಚೆ ಎದುರು ಮನೆಯ ಗೋಡೆ ಬಿಟ್ಟರೆ ನೋಡುವಂಥದ್ದು ಏನೂ ಇರಲಿಲ್ಲ. ಸಿನಿಮಾ ಶುರುವಾಯಿತು. ಸ್ವಲ್ಪ ಹೊತ್ತು ಕೂತಿದ್ದು, ಬಚ್ಚಲ ನಲ್ಲಿಯ ವಾಷರ್ ನೋಡಬೇಕು ಎಂದು ಎದ್ದುಹೋದ. ಆ ವಾಷರನ್ನು ಹಿಂದಿನ ವಾರವಷ್ಟೇ ಬದಲಾಯಿಸಿದ್ದ.

ಮರುದಿನ ಬೆಳಿಗ್ಗೆ ಗಂಡ, ಮಗಳು ಹೊರಟ ಮೇಲೆ ಅವನೇ ಬಾಯಿಬಿಟ್ಟ. ನನ್ನಿಂದ ಏನಾದರೂ ತೊಂದರೆಯಾಯಿತಾ ಎಂದು ಕೇಳಿದ. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಬಿಲ್ಲು ತೋರಿಸಿದಳು. ಅವನು ಕನ್ನಡಕ ಏರಿಸಿಕೊಂಡು ಓದುತ್ತ ಹೋದ. ಆ ಕೆಲವು ಹೆಸರುಗಳ ಬಳಿ ಬಂದಾಗ ಕಿವಿ ಕೆಂಪಾಯಿತು. ತಂಗಿಯ ಮುಂದೆ ಅದನ್ನು ಓದಬೇಕಾಗಿ ಬಂತಲ್ಲ ಎಂಬ ನಾಚಿಕೆಯೋ, ಸಿಟ್ಟೋ ಅವಳಿಗೆ ತಿಳಿಯಲಿಲ್ಲ.

“ನಾನಲ್ಲ ಕಣೇ,” ಎಂದು ಫೋನ್ ವಾಪಸು ಕೊಟ್ಟ.

“ನಂಗೊತ್ತು ಅಣ್ಣ. ಕಂಪನಿಯವರು ಲಾಕ್ ಹಾಕಿ ಅಂದ್ರು, ಅದಕ್ಕೇ.”

“ಹೂಂ. ಅವರು ಹೇಳಿದ್ರೆ ಹಾಕ್ಲೇಬೇಕಲ್ಲ.”

ಅಷ್ಟೇ. ಆಣೆ ಇಡಲಿಲ್ಲ, ವಾದ ಮಾಡಲಿಲ್ಲ. ಅವನೊಮ್ಮೆ ರೇಗಿದ್ದರೆ ತಾನೂ ಅತ್ತು ಹಗುರಾಗುತ್ತಿದ್ದೆನೇನೋ ಎಂದು ಅವಳಿಗೆ ಅನ್ನಿಸಿತು. ಆ ದಿನದಿಂದ ಅವನು ಟಿವಿಯನ್ನು ಮುಟ್ಟಲಿಲ್ಲ. ಹಗಲು ಮನೆಯಲ್ಲೂ ಇರುತ್ತಿರಲಿಲ್ಲ. ಪಾರ್ಕಿನ ಬೆಂಚಿನಲ್ಲಿ ಕೂತಿರುತ್ತಾನೆಂದು ಪಕ್ಕದ ಮನೆಯವರು ಹೇಳಿದರು. ಎರಡು ವಾರವೂ ಆಗಿರಲಿಲ್ಲ, ಬೇರೆ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುವ ಕೆಲಸ ಸಿಕ್ಕಿತು, ಹಳೆಯ ಪರಿಚಯದವರೊಬ್ಬರು ಕೊಡಿಸಿದರು ಎಂದು ಊಟಕ್ಕೆ ಕೂತಾಗ ಹೇಳಿದ. ಕೂತು ಗುಂಡಿ ಒತ್ತುವ ಕೆಲಸ, ಭುಜಕ್ಕೇನೂ ತ್ರಾಸಿಲ್ಲ. ಗಂಡ ಒಳ್ಳೆಯದಾಯಿತು ಭಾವ ಎಂದ. ಹೊರಡುವ ದಿನ ತಾನೇ ಕಲಿಸುವ ಕಾರಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟುಬಂದ. ಒಂದಷ್ಟು ದುಡ್ಡು ಜೇಬಿಗೆ ಹಾಕಲು ಹೋದೆ, ತೆಗೆದುಕೊಳ್ಳಲಿಲ್ಲ ಎಂದು ಬಂದು ಹೇಳಿದ. ಅವಳು ಸೋಫಾದ ಹಿಂದೆ ಬಗ್ಗಿ ನೋಡಿದಳು. ನೆಲವನ್ನು ಒರೆಸಿಯೇ ಹೋಗಿದ್ದ.

ಮುಂದಿನ ಬಿಲ್ಲು ಬಂತು. ಮೊದಲಿನಷ್ಟೇ ಉದ್ದವಿತ್ತು.

ಅಣ್ಣ ಹೋದ ಮೇಲಿನ ದಿನಗಳಲ್ಲೂ ಚಿತ್ರಗಳಿದ್ದವು, ಮನೆಯಲ್ಲಿ ನರಪಿಳ್ಳೆಯೂ ಇಲ್ಲದ ಮಧ್ಯಾಹ್ನಗಳಲ್ಲೂ ಇದ್ದವು. ಕೆಳಗೆ ಅದೇ ಮಾತು: ಹಾಲ್ ಟಿವಿ. ಅವಳು ಗಂಡನ ಮುಂದೆ ಫೋನ್ ಇಟ್ಟಳು. ಅವನು ಕೊನೆಯವರೆಗೂ ಓದಿದ. ಮತ್ತೆ ಮೊದಲಿನಿಂದ ಓದಿದ. ಆಮೇಲೆ ಬೂಟು ಹಾಕಿಕೊಂಡು, ಒಬ್ಬರಿಗೆ ಕಲಿಸುವುದಿದೆ ಎಂದು ಹೊರಟ. ಆ ದಿನ ಅವನಿಗೆ ರಜೆ. ಸಂಜೆ ಬಂದವನು ಬಾಗಿಲಲ್ಲೇ ನಿಂತು, “ಭಾವನಿಗೊಂದು ಫೋನ್ ಮಾಡು,” ಎಂದ.

“ನೀವೇ ಮಾಡಿ.”

ಇಬ್ಬರೂ ಮಾಡಲಿಲ್ಲ.

ಕಂಪನಿಗೆ ಮಾತ್ರ ಮಾಡಿದಳು. ಈ ಸಲ ಪೀಪಿ ಊದುವುದನ್ನು ಕೇಳಿ ಕೇಳಿ ಆ ರಾಗ ಬಾಯಿಗೇ ಬಂದುಬಿಟ್ಟಿತು. ಒಬ್ಬ ಇನ್ನೊಬ್ಬನಿಗೆ ದಾಟಿಸಿದ, ಇನ್ನೊಬ್ಬ ಮತ್ತೊಬ್ಬಳಿಗೆ ದಾಟಿಸಿದ. ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳಬೇಕು. ಪ್ರತಿಯೊಬ್ಬರಿಗೂ ಅವಳ ಅನನುಕೂಲ ಅರ್ಥವಾಗುತ್ತಿತ್ತು. ಎಷ್ಟೋ ದಿನ ಹೀಗೆ ಅಲೆದ ಮೇಲೆ ನೆಗಡಿಯಾದ ದನಿಯ ಒಬ್ಬ ಹೆಂಗಸು ಸಿಕ್ಕಳು. ಆಕೆ ಮಾತಾಡುವುದಕ್ಕಿಂತ ಮೂಗು ಒರೆಸಿಕೊಳ್ಳುವುದೇ ಹೆಚ್ಚು. ಆದರೂ ಇವಳ ಖಾತೆಯ ಪುಟವನ್ನು ಪೂರ್ತಿ ಓದಿದವಳು ಆಕೆಯೊಬ್ಬಳೇ.

“ಮೇಡಂ, ನಿಮ್ಮ ಮನೇಲಿ ಎಷ್ಟು ಹಾಲ್ ಇದೆ?”

“ಎಷ್ಟಿರುತ್ತೆ? ಒಂದೇ.”

“ಇಲ್ಲಿ ಎರಡು ಹಾಲ್ ಟಿವಿ ತೋರಿಸ್ತಿದೆಯಲ್ಲ. ಒಂದು ಹೊಸದು, ಒಂದು ಹಳೇ ಮಾಡೆಲ್.”

ಅವಳು ಲ್ಯಾಬಿನ ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟಳು. ಹಳೆಯ ಟಿವಿಯನ್ನು ಎಕ್ಸ್‌ಚೇಂಜಿಗೆ ಕೊಟ್ಟು ಹೊಸದು ತಂದಿದ್ದರು. ಅಣ್ಣ ಬರುವುದಕ್ಕೂ ಮೊದಲಿನ ಮಾತು. ಕೊಡುವಾಗ ತಮ್ಮ ಖಾತೆಯನ್ನು ಅದರಿಂದ ತೆಗೆಯಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. ಹೊಸದಕ್ಕೂ ಅದೇ ಹೆಸರು ಕೊಟ್ಟಿದ್ದರು. ಅಂಗಡಿಯವನು ಅದನ್ನು ಯಾರಿಗೋ ಮಾರಿರಬೇಕು. ಇಷ್ಟು ದಿನ ಯಾವುದೋ ಮೂಲೆಯಲ್ಲಿ ಬಿದ್ದಿದ್ದು, ಈಗ ಯಾರ ಮನೆಯಲ್ಲೋ ಯಾವ ಲಾಡ್ಜಿನ ಕೋಣೆಯಲ್ಲೋ ಹೊತ್ತಿಕೊಂಡಿತ್ತು. ಗಂಡ ಅಂಗಡಿಗೆ ಹೋಗಿ ವಿಚಾರಿಸಿದ. ಹಳೆಯವನ್ನೆಲ್ಲ ಒಟ್ಟಿಗೆ ಲಾರಿಯಲ್ಲಿ ಒಯ್ಯುತ್ತಾರೆ, ಯಾವುದು ಎಲ್ಲಿಗೆ ಹೋಯಿತೆಂದು ಯಾವನಿಗೆ ಗೊತ್ತು ಎಂದರಂತೆ.

ಆ ಹೆಂಗಸು ಹೇಳಿಕೊಟ್ಟ ಹಾಗೆ ಅವಳು ಫೋನಿನಲ್ಲಿ ಹಳೆಯ ಟಿವಿಯ ಹೆಸರನ್ನು ಹುಡುಕಿ ಒತ್ತಿದಳು. ತೆಗೆದುಹಾಕಲೇ ಎಂದು ಕೇಳಿತು. ಹೌದು ಎಂದು ಒತ್ತಿದಳು. ಮುಗಿಯಿತು. ಕಣ್ಣು ಮಿಟುಕಿಸುವಷ್ಟು ಕೆಲಸ. ಎಲ್ಲೋ ಯಾರದೋ ಸಿನಿಮಾ ಅರ್ಧಕ್ಕೆ ನಿಂತಿರಬಹುದು. ಅವರು ಯಾರೆಂದು ಇವಳಿಗೆ ತಿಳಿಯದು, ತಾವೇನು ಮಾಡಿದೆವೆಂದು ಅವರಿಗೂ ತಿಳಿಯದು.

ದುಡ್ಡಿನ ಮಾತು ಬಂದಾಗ ಹೆಂಗಸು ಮೇಲಿನವರನ್ನು ಕೇಳಿ ಬಂದಳು. ಹಳೆಯ ಟಿವಿಯಿಂದ ಖಾತೆ ತೆಗೆಯುವುದು ಗ್ರಾಹಕರ ಹೊಣೆ, ಆದರೂ ಒಂದು ತಿಂಗಳಿನದನ್ನು ವಾಪಸು ಕೊಡುತ್ತೇವೆ, ಹಿಂದಿನದು ಆಗುವುದಿಲ್ಲ ಎಂದಳು. ಅವಳು ಅದಕ್ಕೆ ಜಗಳವಾಡಲಿಲ್ಲ. ಬದಲಿಗೆ ಒಂದು ಮಾತು ಕೇಳಿದಳು. ಈ ಚಿತ್ರಗಳನ್ನು ನಮ್ಮ ಮನೆಯಲ್ಲಿ ಯಾರೂ ನೋಡಿಲ್ಲ ಎಂದು ನಿಮ್ಮ ಕಂಪನಿಯಿಂದ ಬರೆದುಕೊಡಲು ಆಗುತ್ತದೆಯೇ?

ಆ ಕಡೆ ಮೂಗೇರಿಸುವ ಸದ್ದು ನಿಂತಿತು.

“ಹಾಗೆ ಬರೆದುಕೊಡೋಕೆ ನಮ್ಮಲ್ಲಿ ಬರೋದಿಲ್ಲ ಮೇಡಂ,” ಎಂದು ಆಕೆ ಮೆಲ್ಲಗೆ ಹೇಳಿದಳು. “ಯಾರಿಗೆ ತೋರಿಸ್ಬೇಕಿತ್ತು?”

“ಪರವಾಗಿಲ್ಲ ಬಿಡಿ,” ಎಂದು ಫೋನ್ ಇಟ್ಟಳು. ಆ ಸಂಜೆಯೇ, ನಿಮ್ಮ ಸಮಸ್ಯೆ ಬಗೆಹರಿದಿದೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುವಿರಿ ಎಂದು ಸಂದೇಶ ಬಂತು. ಐದು ನಕ್ಷತ್ರಗಳನ್ನೂ ನೋಡಿದಳು. ಯಾವುದನ್ನೂ ಮುಟ್ಟಲಿಲ್ಲ.

ಮುಂದಿನ ರಜೆಯ ದಿನ ಬಸ್ಸು ಹತ್ತಿ ಅಣ್ಣನ ಆಸ್ಪತ್ರೆಗೆ ಹೋದಳು. ತಾನೂ ಬರಲೇ ಎಂದು ಗಂಡ ಕೇಳಿದ್ದ. ಈಗ ಬೇಡ ಎಂದಿದ್ದಳು. ಅವನಿಗೂ ಅದರಿಂದ ಹಗುರವಾದಂತೆ ಕಂಡಿತು. ಅಣ್ಣನಿಗೆಂದು ಕೊಂಡ ಒಂದು ಸ್ವೆಟರು ಕೈಚೀಲದಲ್ಲಿತ್ತು.

ಲಿಫ್ಟಿನ ಬಾಗಿಲು ತೆರೆದಾಗ ಬೂದು ಬಣ್ಣದ ಅಂಗಿ ತೊಟ್ಟು ಅಣ್ಣ ಸ್ಟೂಲಿನ ಮೇಲೆ ಕೂತಿದ್ದ. ಅವಳನ್ನು ಕಂಡು ಮುಖ ಅರಳಿತು. ಅರಳಿದ್ದು ನಿಜ, ಅದನ್ನು ಅವಳು ಆಮೇಲೆ ಎಷ್ಟೋ ಸಲ ನೆನೆಸಿಕೊಂಡಳು. ಬಾ, ಪಕ್ಕಕ್ಕೆ ನಿಲ್ಲು, ಎರಡು ಗಂಟೆಯವರೆಗೆ ಬಿಡುವಿಲ್ಲ ಎಂದ. ಅವಳ ವಾಪಸು ಬಸ್ಸು ಅದಕ್ಕೂ ಮೊದಲೇ ಇತ್ತು. ಹಾಗಾಗಿ ಹೇಳಬೇಕಾದ್ದನ್ನೆಲ್ಲ ಲಿಫ್ಟಿನಲ್ಲೇ ಹೇಳಬೇಕಾಯಿತು. ಒಂದು ಮಹಡಿಯಲ್ಲಿ ಹಳೆಯ ಟಿವಿ ಎಂದಳು; ಅಷ್ಟರಲ್ಲಿ ಹೂಗುಚ್ಛ ಹಿಡಿದ ಒಂದು ಸಂಸಾರ ಒಳಗೆ ನುಗ್ಗಿತು. ಅವರು ಇಳಿದ ಮೇಲೆ ಎರಡು ಹಾಲ್ ಟಿವಿಯ ಕತೆ ಹೇಳಿದಳು. ಮೂತ್ರದ ಬಾಟಲಿ ಹಿಡಿದ ಆಯಾ ಹತ್ತಿದಳು. ಆಯಾ ಇಳಿಯುವವರೆಗೆ ಅಣ್ಣ ತಂಗಿ ಇಬ್ಬರೂ ಮಹಡಿಯ ನಂಬರು ಬದಲಾಗುವುದನ್ನೇ ನೋಡುತ್ತ ನಿಂತರು. ಹೀಗೆ ತುಂಡುತುಂಡಾಗಿ ಎಲ್ಲವನ್ನೂ ಹೇಳಿ ಮುಗಿಸಿದಳು.

“ಗೊತ್ತಾಯ್ತಲ್ಲ, ಒಳ್ಳೇದಾಯ್ತು. ದುಡ್ಡು ಬಂತಾ?” ಎಂದ.

“ಸ್ವಲ್ಪ ಬಂತು. ವಾಪಸ್ ಬಾ ಅಣ್ಣ.”

ಅವನು ಗುಂಡಿ ಒತ್ತಿದ. ಲಿಫ್ಟು ಖಾಲಿಯಿತ್ತು. ಅವಳು ತಡೆಯಲಾಗದೆ, ನಾನು ಕೇಳಬಾರದಿತ್ತು ಅಣ್ಣ, ಎಂದಳು.

“ನೀನೆಲ್ಲಿ ಕೇಳಿದೆ?” ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ. “ಕೇಳಿದ್ರೆ ಒಂದೆರಡು ಬೈದು ಊಟಕ್ಕೆ ಕೂತ್ಕೊಳ್ತಿದ್ದೆ. ನೀನು ಅಡ್ಡ ನಿಂತ್ಕೊಂಡ್ಯಲ್ಲ, ಕೈ ಮುಚ್ಕೊಂಡು. ಹೊರಗಿನವರ ಮುಂದೆ ಬ್ಯಾಂಕಲ್ಲಿ ನಿಂತ್ಕೊಳ್ತಾರಲ್ಲ, ಹಾಗೆ. ಅದನ್ನ ಮರೀಬೇಕು ಅಂತಾನೇ ಇದೀನಿ. ಆಗುತ್ತೆ. ಆಗ್ದೆ ಏನು.”

ಅವಳು, ನಾನು ಬೇಕೆಂದು ಮಾಡಿದ್ದಲ್ಲ ಎನ್ನಬಹುದಿತ್ತು. ಬೇಕೆಂದು ಮಾಡದೇ ಇದ್ದದ್ದೇ ಹೆಚ್ಚಿನ ತಪ್ಪಾಗಿ ಕಂಡಿತು. ಬಾಗಿಲು ತೆರೆಯಿತು. ಇಬ್ಬರು ನರ್ಸುಗಳು ಸ್ಟ್ರೆಚರ್ ತಳ್ಳಿಕೊಂಡು ನಿಂತಿದ್ದರು. ಮೇಲೆ ಒಬ್ಬ ಮುದುಕ, ಮೂಗಿಗೆ ನಳಿಗೆ.

“ಇಳಿ, ಜಾಗ ಬೇಕು,” ಎಂದ ಅಣ್ಣ. ಅದು ಲಿಫ್ಟಿನವನ ದನಿ, ಯಾರಿಗಾದರೂ ಹಾಗೇ ಹೇಳುತ್ತಿದ್ದ.

ಅವಳು ಇಳಿದಳು. ಸ್ಟ್ರೆಚರ್ ಒಳಗೆ ಹೋಯಿತು, ಬಾಗಿಲು ಮುಚ್ಚಿತು. ಅದು ಯಾವ ಮಹಡಿಯೋ ಅವಳಿಗೆ ತಿಳಿಯಲಿಲ್ಲ. ಕಾದಳು. ಲಿಫ್ಟು ಬಂತು, ಕಾಲಿಡಲೂ ಜಾಗವಿರಲಿಲ್ಲ. ತಲೆಗಳ ಸಂದಿಯಿಂದ ಅಣ್ಣ ಕೈಯಾಡಿಸಿ ಇದರಲ್ಲಿ ಬೇಡ ಎಂದು ಸನ್ನೆ ಮಾಡಿದ. ಮುಂದಿನ ಸಲವೂ ತುಂಬಿಯೇ ಇತ್ತು. ಆಮೇಲಿನ ಸಲ ಆ ಮಹಡಿಯಲ್ಲಿ ನಿಲ್ಲಲೇ ಇಲ್ಲ. ಬಸ್ಸಿನ ಹೊತ್ತಾಗುತ್ತಿತ್ತು. ಮೆಟ್ಟಿಲಿಳಿದು ಕೆಳಗೆ ಬಂದರೆ ಲಿಫ್ಟಿನ ಮುಂದೆ ಬಾಗಿಲವರೆಗೂ ಸಾಲು.

ಸ್ವೆಟರಿನ ಚೀಲ ಇನ್ನೂ ಅವಳ ಕೈಯಲ್ಲೇ ಇತ್ತು. ಬಾಗಿಲ ಬಳಿಯ ವಾಚ್‌ಮನ್ ಕೈಗೆ ಕೊಟ್ಟು, ಲಿಫ್ಟಿನವರಿಗೆ ತಲುಪಿಸಿ ಎಂದಳು. ಆತ ಚೀಲದೊಳಗೆ ಇಣುಕಿ ನೋಡಿ, ಯಾರು ಕೊಟ್ಟರು ಅಂತ ಹೇಳಲಿ ಎಂದು ಕೇಳಿದ.

“ತಂಗಿ ಕೊಟ್ಟಳು ಅನ್ನಿ,” ಎಂದಳು.

ಆತ ತಲೆಯಾಡಿಸಿ ಚೀಲವನ್ನು ತನ್ನ ಕುರ್ಚಿಯ ಕೆಳಗೆ ತಳ್ಳಿದ. ಅಲ್ಲಿ ಆಗಲೇ ಬೇರೆಯವರು ಕೊಟ್ಟುಹೋದ ಚೀಲಗಳು ಸಾಕಷ್ಟಿದ್ದವು. ಮರೆಯಬೇಡಿ ಎಂದು ಹೇಳಲು ಬಾಯಿ ತೆರೆದಳು. ಆತ ಆಗಲೇ ಇನ್ಯಾರಿಗೋ ವಾರ್ಡಿನ ದಾರಿ ತೋರಿಸುತ್ತಿದ್ದ. ಅವಳು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.